ಸಂತೆಯ ತಕ್ಕಡಿ, ಜಾಲತಾಣದ ಮಾತು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಾಠ)



ಬೆಳೆಯುವ ವಿದ್ಯೆ ಮಲೆನಾಡಿನ ಮನೆಗಳಿಗೆ ಪರಂಪರೆಯಿಂದ ಬಂದಿದೆ. ಮಾರುವ ವಿದ್ಯೆ ಮಾತ್ರ ಬಹುಕಾಲ ಪರರ ಕೈಯಲ್ಲಿಯೇ ಉಳಿಯಿತು. ಅಡಿಕೆ, ಕಾಳುಮೆಣಸು, ಏಲಕ್ಕಿಗಳಿಗೆ ಸಹಕಾರಿ ಸಂಘಗಳ ಆಸರೆಯಾದರೂ ಇದ್ದಿತು. ಜೇನುತುಪ್ಪ, ಮಿಡಿ ಉಪ್ಪಿನಕಾಯಿ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಜೋನಿಬೆಲ್ಲಗಳಂಥ ಮನೆಯಂಗಳದ ಪದಾರ್ಥಗಳು ನೆಂಟರ ಕೈಚೀಲದಲ್ಲಿ ಊರು ದಾಟಿದವೇ ಹೊರತು ಪೇಟೆಯ ಅಂಗಡಿಯ ಮೆಟ್ಟಿಲು ಹತ್ತಿದ್ದು ವಿರಳ. ಈಗ ಸ್ಥಿತಿ ಬದಲಾಗಿದೆ. ನೆಟ್‌ವರ್ಕಿಗಾಗಿ ಮನೆಯ ಹಿಂದಿನ ದಿಬ್ಬ ಹತ್ತಬೇಕಾದ ಹಳ್ಳಿಯ ಗೃಹಿಣಿಯೂ ಬೆಂಗಳೂರಿನ ಗ್ರಾಹಕರಿಗೆ ಹಪ್ಪಳದ ಚಿತ್ರ ಕಳುಹಿಸುತ್ತಾಳೆ. ಹಣ ಅವಳ ಖಾತೆಗೇ ಬಂದು ಸೇರುತ್ತದೆ.

ಇದು ಸಂತೋಷದ ಸಂಗತಿ. ಆದರೆ ಸಂತೆಯಲ್ಲಿ ತಕ್ಕಡಿ ಹಿಡಿದವನಿಗೆ ಒಂದು ಶಿಸ್ತು ಇರುತ್ತಿತ್ತು. ಕೊಳ್ಳುವವನು ಎದುರಿಗೇ ನಿಂತಿರುತ್ತಿದ್ದನು. ಮುಂದಿನ ವಾರವೂ ಅದೇ ಜಾಗಕ್ಕೆ ಬರುತ್ತಿದ್ದನು. ಜಾಲತಾಣದ ಸಂತೆಯಲ್ಲಿ ಕೊಳ್ಳುವವನ ಮುಖ ಕಾಣದು, ಮಾರುವವನ ತೋಟವೂ ಕಾಣದು, ಸರಕು ಬಂದ ಕಾಡಂತೂ ಇಬ್ಬರಿಗೂ ಕಾಣದು. ಈ ಕಾಣದಿರುವಿಕೆಯ ನಡುವೆ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆ? ಬೇಡಿಕೆ ಏರಿದಾಗ ಬೆಟ್ಟ-ಕಾನುಗಳಿಗೆ ಏಟು ಬೀಳದಂತೆ ನೋಡಿಕೊಳ್ಳುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ವಿಷಯವನ್ನು ಪರಿಶೀಲಿಸುವುದು ಇಂದಿನ ಉದ್ದೇಶ.

ಹಿಂದೆಯೂ ಸಂವಹನವಿತ್ತು

ಮೊಬೈಲ್ ಬಂದ ಮೇಲೆಯೇ ಮಲೆನಾಡು ಮಾತನಾಡಲು ಕಲಿತದ್ದೆಂದು ತಿಳಿಯುವುದು ಸರಿಯಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ಸಂದರ್ಭದಲ್ಲಿ, 1981ರಲ್ಲಿ, ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಒಂದು ವಿಚಾರ ಸಂಕಿರಣವನ್ನು ಏರ್ಪಡಿಸಿತು. ಯೋಜನೆಯ ಲಾಭ-ನಷ್ಟಗಳನ್ನು ರೈತರು, ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಒಂದೇ ವೇದಿಕೆಯಲ್ಲಿ ಕುಳಿತು ಲೆಕ್ಕ ಹಾಕಿದರು. ಅಡಿಕೆ ಮಾರುವುದಕ್ಕೆಂದು 1923ರಲ್ಲಿ ಹುಟ್ಟಿದ ಸಂಸ್ಥೆಯೊಂದು ಅಡಿಕೆ ಬೆಳೆಯುವ ನೆಲದ ಅಳಿವು-ಉಳಿವಿನ ಚರ್ಚೆಗೂ ಹಣ ಮತ್ತು ಜಾಗ ಒದಗಿಸಿತೆಂಬುದು ಇಲ್ಲಿ ನೆನೆಯಬೇಕಾದ ಅಂಶ. 1983ರ ಸೆಪ್ಟೆಂಬರ್ 8ರಂದು ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಆ ಸುದ್ದಿ ಹಬ್ಬಿದ್ದು ಪಾದಯಾತ್ರೆ, ಬೀದಿನಾಟಕ, ಹಾಡು ಮತ್ತು ಪತ್ರಿಕೆಗಳ ಮೂಲಕ. ಅಂದು ಸುದ್ದಿಯ ವೇಗ ಕಡಿಮೆಯಿತ್ತು. ಆದರೆ ಸುದ್ದಿ ತಂದವನು ಎದುರಿಗೇ ಇರುತ್ತಿದ್ದನು, ಅವನನ್ನು ಪ್ರಶ್ನಿಸಬಹುದಾಗಿತ್ತು.

1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ'ಯು ಇನ್ನೊಂದು ಹೆಜ್ಜೆ ಇಟ್ಟಿತು. ಕೃಷಿಕರ ಅನುಭವವನ್ನು ಕೃಷಿಕರೇ ಬರೆಯಬೇಕೆಂಬುದು ಅದರ ನಿಲುವು. 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನ ಶಿಬಿರಗಳು ತೋಟದಲ್ಲಿ ದುಡಿಯುವವರಿಗೆ ಬರೆಯುವ ಧೈರ್ಯವನ್ನು ಕೊಟ್ಟವು. ಇಂದು ಜಾಲತಾಣದಲ್ಲಿ ಬರೆಯುವ ರೈತನಿಗೂ ಬೇಕಾದದ್ದು ಅದೇ ಅಭ್ಯಾಸ: ಕಂಡದ್ದನ್ನು ಬರೆಯುವುದು, ಅಳೆದು ಬರೆಯುವುದು, ಬರೆದುದಕ್ಕೆ ಹೊಣೆಯಾಗುವುದು.

ಬಾಳೆಕಾಯಿ ಹಿಟ್ಟಿನ ಪಾಠ

ಜಾಲತಾಣವನ್ನು ಸರಿಯಾಗಿ ಬಳಸಿದ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 2021ರಲ್ಲಿ, ಕೊರೊನಾದ ಎರಡನೆಯ ಅಲೆಯ ಹೊತ್ತಿಗೆ, ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಕೃಷಿಕ ಕುಟುಂಬಗಳಲ್ಲಿ ಬಾಳೆಕಾಯಿ ಹಿಟ್ಟಿನ ಪ್ರಯೋಗಗಳು ಆರಂಭವಾದವು. ಬಾಳೆಗೊನೆಗೆ ಬೆಲೆಯಿಲ್ಲ, ಸಾಗಾಟಕ್ಕೆ ದಾರಿಯಿಲ್ಲ. ಹಣ್ಣಾದರೆ ನಾಲ್ಕು ದಿನದಲ್ಲಿ ಕೊಳೆಯುವ ಗೊನೆಯನ್ನು ಕಾಯಿಯಿರುವಾಗಲೇ ಹೆಚ್ಚಿ, ಒಣಗಿಸಿ, ಹುಡಿ ಮಾಡಿಟ್ಟುಕೊಂಡರೆ ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ. ಕೇರಳದಲ್ಲಿ ಶಿಶುಗಳ ಆಹಾರವಾಗಿ ಬಾಳೆಕಾಯಿ ಹುಡಿಯ ಬಳಕೆ ಹಳೆಯದು. 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕರಾದ ಶ್ರೀ ಪಡ್ರೆಯವರು 'ಬಾಕಾಹು' ಎಂಬ ಮೂರಕ್ಷರದ ಹೆಸರಿನಲ್ಲಿ ಈ ವಿಚಾರವನ್ನು ಹಬ್ಬಿಸಿದರು. ಕೃಷಿಕರ ವಾಟ್ಸ್‌ಆ್ಯಪ್ ಗುಂಪುಗಳು ಅದಕ್ಕೆ ವಾಹಕವಾದವು.

ಇಲ್ಲಿ ನಡೆದುದರ ಕ್ರಮವನ್ನು ಗಮನಿಸಬೇಕು. ಮೊದಲು ಬಂದುದು ಜಾಹೀರಾತಲ್ಲ, ಅಡುಗೆ. ಮಹಿಳೆಯರು ಹಿಟ್ಟನ್ನು ತಮ್ಮ ಮನೆಯಲ್ಲೇ ಮಾಡಿದರು. ದೋಸೆ ಹೊಯ್ದರು, ಗುಲಾಬ್ ಜಾಮೂನು ಕರಿದರು. ಚಿತ್ರ ತೆಗೆದು ಗುಂಪಿಗೆ ಹಾಕಿದರು. ನೋಡಿದವರು ತಮ್ಮ ಮನೆಯಲ್ಲಿ ಮಾಡಿ ನೋಡಿದರು. ಹೀಗೆ ತಿಳಿವಳಿಕೆ ಮೊದಲು ಹಬ್ಬಿತು, ಮಾರಾಟ ಅದರ ಹಿಂದೆ ಬಂದಿತು. ಹಿಟ್ಟು ಕೊಳ್ಳಲಾಗದವರೂ ತಮ್ಮ ಹಿತ್ತಲಿನ ಗೊನೆಯನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಪಡೆದರು. 2021ರ ಜುಲೈ ತಿಂಗಳ 'ಮನ್ ಕೀ ಬಾತ್' ಭಾಷಣದಲ್ಲಿ ಪ್ರಧಾನಮಂತ್ರಿಯವರು ಈ ಎರಡು ಜಿಲ್ಲೆಗಳ ಮಹಿಳೆಯರ ಪ್ರಯತ್ನವನ್ನೂ ಅವರು ಚಿತ್ರಗಳನ್ನು ಹಂಚಿಕೊಂಡ ಬಗೆಯನ್ನೂ ಪ್ರಸ್ತಾಪಿಸಿದರು.

ಈ ಯಶಸ್ಸಿಗೆ ಇನ್ನೊಂದು ಕಾರಣವಿದೆ. ಬಾಳೆ ತೋಟದ ಬೆಳೆ. ಬೇಡಿಕೆ ಹೆಚ್ಚಿದರೆ ಇನ್ನಷ್ಟು ಕಂದು ನೆಡಬಹುದು. ಗೊನೆ ಕಡಿದುದರಿಂದ ಕಾಡಿಗೆ ಹಾನಿಯಿಲ್ಲ. ಎಲ್ಲ ಪದಾರ್ಥಗಳಿಗೂ ಈ ಮಾತು ಸಲ್ಲದು. ಅದಕ್ಕೆ ಉಪ್ಪಾಗೆಯ ಕಥೆಯೇ ಸಾಕ್ಷಿ.

ಉಪ್ಪಾಗೆಯ ಎಚ್ಚರಿಕೆ

ಉಪ್ಪಾಗೆ ಸಹ್ಯಾದ್ರಿಯ ಕಾಡಿನ ಮರ. ಅದರ ಹುಳಿಸಿಪ್ಪೆ ಮೀನಿನ ಸಾರಿಗೂ ಬೀಜದ ತುಪ್ಪ ಮನೆಯ ಅಡುಗೆಗೂ ಒದಗುತ್ತಿದ್ದವು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ತೂಕವನ್ನು ಇಳಿಸುತ್ತದೆಂಬ ಪ್ರಚಾರ 1990ರ ದಶಕದಲ್ಲಿ ವಿದೇಶಗಳಲ್ಲಿ ಆರಂಭವಾದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಅದರ ಪರಿಣಾಮ ಕಾಣಿಸಿತು. ನೆಲಕ್ಕೆ ಉದುರಿದ ಹಣ್ಣನ್ನು ಹೆಕ್ಕುತ್ತಿದ್ದ ಜನ ಪೈಪೋಟಿಯಿಂದ ಕಾಯಿಯನ್ನೇ ಕೊಯ್ಯತೊಡಗಿದರು. ಕೈಗೆ ನಿಲುಕದ ಕಡೆ ಕೊಂಬೆಯನ್ನೇ ಕಡಿದರು. ಹಣ್ಣು ಬರುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಒಣಗಿಸಲು ಹೊಗೆಯೊಲೆ ಬೇಕು. ಒಲೆಗೆ ಅದೇ ಕಾಡಿನ ಸೌದೆ ಬೇಕು. ಹಣ್ಣನ್ನು ತಿಂದು ಬಾಳುವ ಸಿಂಗಳೀಕದಂಥ ಜೀವಿಗಳ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆಗಳನ್ನು ಬಳಕೆಗೆ ತರುವ ಪ್ರಯತ್ನಗಳು ಆಮೇಲೆ ನಡೆದವು.

ಅತ್ತ ಪ್ರಚಾರದ ಸತ್ಯಾಸತ್ಯತೆ ಏನು? ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 135 ಜನರು 12 ವಾರಗಳ ಅವಧಿಗೆ ಭಾಗವಹಿಸಿದ್ದರು. ಉಪ್ಪಾಗೆಯ ಸತ್ವವನ್ನು ಸೇವಿಸಿದವರಿಗೂ ಬರಿಯ ಹುಸಿಗುಳಿಗೆ ಸೇವಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೂ 2012ರ ಸುಮಾರಿಗೆ ಅಮೆರಿಕದ ಜನಪ್ರಿಯ ದೂರದರ್ಶನ ವೈದ್ಯರಾದ ಡಾ. ಮೆಹ್ಮೆತ್ ಓಝ್ ಅವರ ಕಾರ್ಯಕ್ರಮದಲ್ಲಿ ಅದೇ ಸತ್ವ ಮತ್ತೆ ಹೊಗಳಿಕೆ ಪಡೆಯಿತು. 2014ರ ಜೂನ್‌ನಲ್ಲಿ ಆ ದೇಶದ ಸೆನೆಟ್ಟಿನ ಸಮಿತಿಯೊಂದು ಇಂತಹ ಮಾತುಗಳ ಬಗ್ಗೆ ಅವರನ್ನು ಪ್ರಶ್ನಿಸಿತು. ದೂರದ ಪರದೆಯ ಮೇಲೆ ಆಡಿದ ಮಾತಿಗೂ ಸಹ್ಯಾದ್ರಿಯಲ್ಲಿ ಮುರಿಯುವ ಕೊಂಬೆಗೂ ನೇರ ಸಂಬಂಧವಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅಂದು ಪ್ರಚಾರಕ್ಕೆ ದೂರದರ್ಶನ ಬೇಕಾಗಿತ್ತು. ಇಂದು ಒಂದು ನಿಮಿಷದ ವಿಡಿಯೊ ಸಾಕು. ಅದನ್ನು ಹಾಕುವವನು ಇದೇ ಊರಿನವನೇ ಆಗಿರಬಹುದು.

ಅಪ್ಪೆಮಿಡಿಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅಘನಾಶಿನಿ, ಶರಾವತಿ, ವರದಾ, ಕಾಳಿ ನದಿಗಳ ದಂಡೆಯ ಕಾಡುಮಾವಿನ ಮರಗಳಲ್ಲಿ ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಎಂದು ಒಂದೊಂದಕ್ಕೂ ಹೆಸರಿದೆ, ಪರಿಮಳವಿದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಮಿಡಿಯ ಬೆಲೆ ಏರಿದ ಹಾಗೆ ಮರ ಹತ್ತುವ ತಾಳ್ಮೆ ಇಳಿದು ಕೊಂಬೆ ಕಡಿಯುವ ಅವಸರ ಹೆಚ್ಚಿದೆ. ಕಸಿ ಗಿಡಗಳನ್ನು ತೋಟದಲ್ಲಿ ಬೆಳೆಸುತ್ತಿರುವ ಕೃಷಿಕರು ಇದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದಾರೆ. ಮಿಡಿಯನ್ನು ಜಾಲತಾಣದಲ್ಲಿ ಮಾರುವವರು 'ಕಾಡಿನ ಮಿಡಿ' ಎಂದು ಹೊಗಳುವುದಕ್ಕಿಂತ 'ತೋಟದ ಕಸಿಮರದ ಮಿಡಿ' ಎಂದು ಹೆಮ್ಮೆಯಿಂದ ಹೇಳುವ ಕಾಲ ಬರಬೇಕು.

ಒಂದು ಮನೆಯಲ್ಲಿ 20 ಬಾಟಲಿ ತುಡುವೆ ಜೇನು ಇದೆಯೆಂದು ಇಟ್ಟುಕೊಳ್ಳಬಹುದು. ಸಂದೇಶ ಹಬ್ಬಿ 200 ಜನ ಕೇಳುತ್ತಾರೆ. ಆಗ ಆ ಮನೆಯವರ ಮುಂದೆ ಮೂರು ದಾರಿಗಳಿರುತ್ತವೆ. ಎಲ್ಲಿಂದಲೋ ತಂದ ಜೇನನ್ನು ತಮ್ಮ ಬಾಟಲಿಗೆ ತುಂಬಿ ಕಳುಹಿಸುವುದು ಒಂದು. ಮರಿಹುಳುಗಳಿರುವ ತಟ್ಟೆಯನ್ನೂ ಹಿಂಡಿ ಕುಟುಂಬವನ್ನೇ ನಾಶಮಾಡುವುದು ಇನ್ನೊಂದು. 'ಈ ವರ್ಷದ ಜೇನು ಮುಗಿಯಿತು, ಮುಂದಿನ ವರ್ಷಕ್ಕೆ ಹೆಸರು ಬರೆಸಿರಿ' ಎಂದು ತಿಳಿಸುವುದು ಮೂರನೆಯದು. ಮೊದಲನೆಯದರಲ್ಲಿ ನಂಬಿಕೆ ಹೋಗುತ್ತದೆ. ಎರಡನೆಯದರಲ್ಲಿ ಜೇನೇ ಹೋಗುತ್ತದೆ. ಮೂರನೆಯದರಲ್ಲಿ ಈ ವರ್ಷದ ಒಂದಿಷ್ಟು ಹಣ ಹೋದರೂ ಮುಂದಿನ ವರ್ಷದ ಗ್ರಾಹಕ ಉಳಿಯುತ್ತಾನೆ. ಆದುದರಿಂದ ಪ್ರಕಟಿಸುವ ಮೊದಲು ಎಣಿಸಬೇಕು: ಎಷ್ಟಿದೆ, ಎಷ್ಟು ಕೊಡಬಹುದು, ಎಲ್ಲಿಗೆ ನಿಲ್ಲಿಸಬೇಕು.

ಈ ಯಂತ್ರಗಳು ನಡೆಯುವ ಬಗೆ

ಬಳಸುವ ಉಪಕರಣದ ಸ್ವಭಾವವನ್ನು ಅರಿಯದೆ ಬಳಸುವುದು ಅಪಾಯಕರ. ಫೇಸ್‌ಬುಕ್ ಕಂಪನಿಯು 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನೂ 2014ರಲ್ಲಿ ವಾಟ್ಸ್‌ಆ್ಯಪ್ ಅನ್ನೂ ಕೊಂಡುಕೊಂಡಿತು. 2021ರಲ್ಲಿ ಮೆಟಾ ಎಂದು ಹೆಸರು ಬದಲಿಸಿತು. ಹೀಗೆ ಹಳ್ಳಿಯ ಮೊಬೈಲಿನಲ್ಲಿರುವ ಮೂರು ಬೇರೆ ಬೇರೆ ಚಿಹ್ನೆಗಳ ಹಿಂದೆ ಇರುವುದು ಒಂದೇ ಒಡೆತನ. ಅದರ ಮುಖ್ಯ ಆದಾಯ ಜಾಹೀರಾತಿನದು. ಜನ ಎಷ್ಟು ಹೊತ್ತು ಪರದೆಯ ಮುಂದೆ ಕುಳಿತರೆ ಅಷ್ಟು ಜಾಹೀರಾತು ತೋರಿಸಬಹುದು. ಆದುದರಿಂದ ಯಾವ ಬರಹವನ್ನು ಯಾರಿಗೆ ತೋರಿಸಬೇಕೆಂದು ನಿರ್ಧರಿಸುವ ಗಣಕಸೂತ್ರವು ಜನರನ್ನು ಹಿಡಿದು ನಿಲ್ಲಿಸುವಂಥದ್ದಕ್ಕೆ ಪ್ರಾಶಸ್ತ್ಯ ಕೊಡುತ್ತದೆ. ನಿಜವಾದುದು ಮುಂದೆ ಬರುತ್ತದೆಂಬ ಖಾತರಿ ಅದರಲ್ಲಿಲ್ಲ. ಪುಟಕ್ಕೆ ಸಾವಿರ ಜನ ಹಿಂಬಾಲಕರಿದ್ದರೂ ಹಾಕಿದ ಚಿತ್ರ ಸಾವಿರ ಜನರಿಗೂ ಕಾಣುವುದಿಲ್ಲ.

ಇನ್ನೊಂದು ಸಂಗತಿಯಿದೆ. ಜಾಲತಾಣದ ಅಂಗಡಿ ಮಾರುವವನ ಸ್ವಂತ ಅಂಗಡಿಯಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ವರ್ಷಗಳಿಂದ ಅಲ್ಲಿ ನೋಡುಗರನ್ನು ಸಂಪಾದಿಸಿದ್ದವರು ಅವರನ್ನು ಒಮ್ಮೆಲೇ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆಗಳ ಕಾಲ ಏಕಕಾಲದಲ್ಲಿ ನಿಂತುಹೋದವು. ಆದುದರಿಂದ ಗ್ರಾಹಕರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳಿತು. ಹಳೆಯ ಕಿರಾಣಿ ಅಂಗಡಿಯ ಖಾತೆಪುಸ್ತಕಕ್ಕೆ ಇಂದೂ ಬೆಲೆಯಿದೆ. ಒಪ್ಪಿಗೆಯೆಂಬುದು ಇಲ್ಲಿ ಬರಿಯ ಸೌಜನ್ಯದ ಮಾತಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿದೆ.

ಯಾವ ಕೆಲಸಕ್ಕೆ ಯಾವ ಸಾಧನ ಎಂಬ ವಿವೇಚನೆಯೂ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಮಾನ್ಯವಾಗಿ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಅಪರಿಚಿತ ಗ್ರಾಹಕರನ್ನು ಕೇಳದೆ ಗುಂಪಿಗೆ ಸೇರಿಸುವುದು ಅವರ ವಿಳಾಸವನ್ನು ಸಂತೆಯಲ್ಲಿ ಕೂಗಿದಂತೆ. ಅದರ ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಬಳಸಿದರೆ ಸಂದೇಶ ಪ್ರತಿಯೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಅದೂ ಕಳುಹಿಸುವವರ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್‌ನಲ್ಲಿ ಪದಾರ್ಥಗಳ ಪಟ್ಟಿಯನ್ನೂ ಬೆಲೆಯನ್ನೂ ಇಡಬಹುದು. ಕೊಟ್ಟೆ ಕಡುಬಿಗೆ ಹಲಸಿನ ಎಲೆ ಹೆಣೆಯುವ, ಜೋನಿಬೆಲ್ಲ ಕಾಯಿಸುವ ಕ್ರಮವನ್ನು ತೋರಿಸಲು ಯೂಟ್ಯೂಬ್ ಸೂಕ್ತ. ಹುಡುಕಿದವರಿಗೆ ವರ್ಷಗಳ ನಂತರವೂ ಅದು ಸಿಗುತ್ತದೆ.

ಬಣ್ಣಿಸುವಲ್ಲಿ ಸತ್ಯ

'ಸಾವಯವ', 'ಅಪ್ಪಟ', 'ಕಾಡಿನ', 'ಔಷಧೀಯ' – ಈ ನಾಲ್ಕು ಪದಗಳು ಜಾಲತಾಣದ ಮಾರಾಟದಲ್ಲಿ ಸವೆದುಹೋಗಿವೆ. ಇವುಗಳ ಹಿಂದೆ ಕಾನೂನಿದೆಯೆಂಬುದನ್ನು ಅನೇಕರು ಅರಿಯರು. ಸಾವಯವ ಆಹಾರದ ಬಗ್ಗೆ 2017ರ ನಿಯಮಗಳಿವೆ. ಸಣ್ಣ ಉತ್ಪಾದಕನು ಬಳಸುವವರಿಗೇ ನೇರವಾಗಿ ಮಾರುವಾಗ ವಿನಾಯಿತಿ ಇದೆಯಾದರೂ, ಅಂಗಡಿಯ ಮೂಲಕ 'ಸಾವಯವ'ವೆಂದು ಮಾರಲು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಅಥವಾ ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸುವ ಪಿಜಿಎಸ್ ಪದ್ಧತಿಯ ದೃಢೀಕರಣ ಬೇಕು. 1954ರ ಔಷಧ ಮತ್ತು ಚಮತ್ಕಾರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯು ಮಧುಮೇಹ, ಅರ್ಬುದದಂಥ ರೋಗಗಳನ್ನು ಗುಣಪಡಿಸುತ್ತದೆಂಬ ಜಾಹೀರಾತನ್ನು ನಿಷೇಧಿಸುತ್ತದೆ. ಹಿತ್ತಲಿನ ಕಷಾಯದ ಹುಡಿಗೆ 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಬರೆದು ಹಂಚುವುದು ಅಪರಾಧ. ಅದನ್ನು ನಂಬಿ ವೈದ್ಯರ ಮದ್ದನ್ನು ಬಿಟ್ಟವನಿಗೆ ಆಗುವ ಹಾನಿ ಕಾನೂನಿನ ದಂಡಕ್ಕಿಂತ ದೊಡ್ಡದು.

ಆಹಾರ ಪದಾರ್ಥವನ್ನು ಮಾರುವ ಸಣ್ಣ ಮನೆ ಉದ್ಯಮವೂ 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಮಾಡಿಸಿ, 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಹಣ ಪಡೆದು ಅಥವಾ ಉಚಿತ ಸರಕು ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಮಾರ್ಗಸೂಚಿಗಳು ಹೇಳುತ್ತವೆ. ಹೋಮ್‌ಸ್ಟೇಯಲ್ಲಿ ಪುಕ್ಕಟೆ ಉಳಿದು ಅದರ ವಿಡಿಯೊ ಮಾಡುವ ತರುಣರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ಹೊಳೆಯುವ ಚಿತ್ರವನ್ನು ತನ್ನ ತೋಟದ ಕಾಳುಮೆಣಸೆಂದು ತೋರಿಸುವುದೂ ಸುಳ್ಳು ತೂಕದ ಇನ್ನೊಂದು ರೂಪವೇ.

ಹಾಗಾದರೆ ಏನನ್ನು ಬರೆಯಬೇಕು? ಸರಳವಾದ ನಿಜವನ್ನು ಬರೆಯಬೇಕು. ಯಾವ ಊರಿನದು, ಯಾವ ತಿಂಗಳು ಕೊಯ್ದದ್ದು, ಏನೇನು ಹಾಕಿದೆ, ಎಷ್ಟು ದಿನ ಬಾಳುತ್ತದೆ, ಬೆಲೆ ಎಷ್ಟು, ಅಂಚೆ ಅಥವಾ ಕೊರಿಯರ್ ವೆಚ್ಚ ಎಷ್ಟು. 'ಈ ಸಲ ಮಳೆ ಹೆಚ್ಚಾದುದರಿಂದ ಹಪ್ಪಳದ ಬಣ್ಣ ತುಸು ಮಂದವಾಗಿದೆ' ಎಂದು ಬರೆದ ಗೃಹಿಣಿಯನ್ನು ಗ್ರಾಹಕರು ನಂಬುತ್ತಾರೆ. ಬೆಲೆ ನಿಗದಿ ಮಾಡುವಾಗ ಬಾಟಲಿ, ಪೆಟ್ಟಿಗೆ, ದಾರಿಯಲ್ಲಿ ಒಡೆದುದು, ಮೊಬೈಲಿನಲ್ಲಿ ಉತ್ತರಿಸುತ್ತ ಕಳೆದ ಹೊತ್ತು ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಮನೆಗಳು ಸೇರಿ ಒಂದೇ ಪೆಟ್ಟಿಗೆಯಲ್ಲಿ ಕಳುಹಿಸಿದರೆ ಸಾಗಾಟದ ಖರ್ಚೂ ಪ್ಲಾಸ್ಟಿಕ್ಕಿನ ಕಸವೂ ಕಡಿಮೆಯಾಗುತ್ತವೆ.

ಹೇಳದೆ ಇರಬೇಕಾದುದು

ಸಂವಹನವೆಂದರೆ ಎಲ್ಲವನ್ನೂ ಹೇಳುವುದಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಚಾರಣಕ್ಕೆ ಸಾವಿರಾರು ಜನ ಮುಗಿಬಿದ್ದ ದೃಶ್ಯವನ್ನು ಅನೇಕರು ಕಂಡಿರಬಹುದು. ಆ ವಿಡಿಯೊ ಹಬ್ಬಿದ ಮೇಲೆ ರಾಜ್ಯ ಸರ್ಕಾರವು ಆನ್‌ಲೈನ್ ನೋಂದಣಿಯ ವ್ಯವಸ್ಥೆ ಆಗುವವರೆಗೆ ಚಾರಣಗಳನ್ನು ತಡೆಹಿಡಿಯಬೇಕಾಯಿತು. ಜನ ಬೆಟ್ಟವನ್ನು ನೋಡಬಾರದೆಂದಲ್ಲ. ಆದರೆ ಒಂದು ಕಾಲುದಾರಿಗೆ, ಒಂದು ಝರಿಗೆ, ಒಂದು ಹುಲ್ಲುಗಾವಲಿಗೆ ತಾಳಿಕೊಳ್ಳುವ ಮಿತಿಯಿದೆ. ಊರಿನ ಹಿಂದಿನ ಹೆಸರಿಲ್ಲದ ಜಲಪಾತದ ಚಿತ್ರವನ್ನು ನಕಾಶೆಯ ಗುರುತಿನೊಡನೆ ಹಾಕುವ ವಿದ್ಯಾರ್ಥಿಯು ಮುಂದಿನ ರಜೆಯಲ್ಲಿ ಅಲ್ಲಿಗೆ ಬರುವ ವಾಹನಗಳಿಗೂ ಬಾಟಲಿಗಳಿಗೂ ತಾನೇ ಆಹ್ವಾನ ಕೊಟ್ಟಂತೆ. ಜಾರುಬಂಡೆಯ ಮೇಲೆ ಕಾಲಿಡುವ ಅಪರಿಚಿತರ ಪ್ರಾಣದ ಪ್ರಶ್ನೆಯೂ ಅದರಲ್ಲಿದೆ.

ಮಂಗಟ್ಟೆ ಹಕ್ಕಿಯ ಗೂಡು, ಅಪರೂಪದ ಸೀತಾಳೆಯ ನೆಲೆ, ಔಷಧೀಯ ಬೇರುಗಳಿರುವ ಜಾಗ, ರಾಮಪತ್ರೆ ಜಡ್ಡಿಯ ದಾರಿ ಇವುಗಳ ಸ್ಥಳವನ್ನು ಸಾರ್ವಜನಿಕವಾಗಿ ಹೇಳದಿರುವುದೇ ಲೇಸು. ಹೂವಿನ ಚಿತ್ರ ಹಾಕಬಹುದು, ಅದರ ಗುಣ ಹೇಳಬಹುದು. ಜಿಲ್ಲೆಯ ಹೆಸರು ಸಾಕು. ಹಳ್ಳಿಯ ವೈದ್ಯರಿಗೆ ಗೊತ್ತಿದ್ದ ಗಿಡದ ಜಾಗವನ್ನು ಅವರು ಎಲ್ಲರಿಗೂ ತೋರಿಸುತ್ತಿರಲಿಲ್ಲ. ಅದನ್ನು ಸಣ್ಣತನವೆಂದು ಹಳಿದವರಿದ್ದಾರೆ. ಅದರಲ್ಲಿ ಗಿಡವನ್ನು ಉಳಿಸುವ ಕಾಳಜಿಯೂ ಇತ್ತು.

ಸುದ್ದಿ ಮತ್ತು ವದಂತಿ

ಮಾರಾಟಕ್ಕೆ ಬಳಸುವ ಮೊಬೈಲೇ ಸುದ್ದಿಗೂ ಬಳಕೆಯಾಗುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ತರುಣ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಆ ವರ್ಷ ದೇಶದ ಹಲವೆಡೆ ಇಂತಹ ಸಾವುಗಳು ಸಂಭವಿಸಿದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಮಾಡಿತು. ಯಂತ್ರಕ್ಕೆ ಮಿತಿ ಹಾಕಿದರೂ ಮನಸ್ಸಿನ ಅವಸರಕ್ಕೆ ಮಿತಿಯನ್ನು ಮನುಷ್ಯನೇ ಹಾಕಿಕೊಳ್ಳಬೇಕು.

ಮಲೆನಾಡಿಗೆ ಇದು ಮಳೆಗಾಲದ ಪ್ರಶ್ನೆಯೂ ಹೌದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಅಂತಹ ದಿನಗಳಲ್ಲಿ ಒಂದು ಸರಿಯಾದ ಸಂದೇಶ ಪ್ರಾಣ ಉಳಿಸಬಲ್ಲದು. ಕಳೆದ ವರ್ಷದ ವಿಡಿಯೊವನ್ನು ಇಂದಿನದೆಂದು ಕಳುಹಿಸಿದರೆ ರಕ್ಷಣೆಗೆ ಹೊರಟವರ ದಾರಿ ತಪ್ಪುತ್ತದೆ. ಊರಿನ ಗುಂಪಿನಲ್ಲಿ ಒಂದು ಕಟ್ಟಳೆ ಇರಲಿ: ಅಪಾಯದ ಸುದ್ದಿಯಲ್ಲಿ ಊರು, ದಿನಾಂಕ, ಗಂಟೆ ಮತ್ತು ಕಣ್ಣಾರೆ ಕಂಡವರ ಹೆಸರು ಈ ನಾಲ್ಕೂ ಇರತಕ್ಕದ್ದು, ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳುಹಿಸಬಾರದು. ಮಾರಾಟದ ಗುಂಪು, ಊರಿನ ಸುದ್ದಿಯ ಗುಂಪು ಬೇರೆ ಬೇರೆಯಾಗಿದ್ದರೆ ಹಪ್ಪಳದ ಚಿತ್ರಗಳ ನಡುವೆ ಪ್ರವಾಹದ ಎಚ್ಚರಿಕೆ ಕಳೆದುಹೋಗುವುದಿಲ್ಲ.

ಮೋಸದ ಬಗೆಗೂ ಒಂದು ಮಾತು. 'ಹಣ ಕಳುಹಿಸಿದ್ದೇನೆ, ಪಡೆಯಲು ಈ ಕ್ಯುಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ' ಎಂದು ದೊಡ್ಡ ಖರೀದಿಯ ಆಸೆ ತೋರಿಸಿ ಕರೆ ಮಾಡುವವರಿದ್ದಾರೆ. ಹಣ ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೋಸ ನಡೆದುಹೋದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ವಿದ್ಯಾರ್ಥಿಗಳ ಹೊಣೆ

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಮೊಬೈಲ್ ಬಳಸುವ ಚಳಕ ಅವರಲ್ಲಿದೆ. ಪದಾರ್ಥದ ಜ್ಞಾನ ಅಜ್ಜಿಯರಲ್ಲಿ, ಅತ್ತೆಯರಲ್ಲಿ, ಕಾಡು ತಿರುಗುವ ಹಿರಿಯರಲ್ಲಿದೆ. ಇವೆರಡೂ ಕೂಡಬೇಕು. ಒಂದೊಂದು ಶಾಲೆ, ಕಾಲೇಜಿನ ಮಕ್ಕಳು ತಮ್ಮ ಊರಿನ ಹತ್ತು ಪದಾರ್ಥಗಳನ್ನು ಆರಿಸಿ, ಅವು ಎಲ್ಲಿಂದ ಬರುತ್ತವೆ, ತೋಟದವೋ ಕಾಡಿನವೋ, ವರ್ಷಕ್ಕೆ ಎಷ್ಟು ತೆಗೆದರೆ ಮರಕ್ಕೆ ಹಾನಿಯಿಲ್ಲ, ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹಿರಿಯರಿಂದ ಕೇಳಿ ಬರೆದಿಡಲಿ. ಹಿರಿಯರ ಮಾತನ್ನೋ ಚಿತ್ರವನ್ನೋ ಹಾಕುವ ಮುನ್ನ ಅವರ ಅನುಮತಿ ಪಡೆಯಲಿ. ಅಂತಹ ದಾಖಲೆ ಕೈಯಲ್ಲಿದ್ದರೆ ಯಾವುದನ್ನು ಜಗತ್ತಿಗೆ ಸಾರಬೇಕು, ಯಾವುದನ್ನು ಊರಿನ ಮಟ್ಟಿಗೆ ಉಳಿಸಿಕೊಳ್ಳಬೇಕು ಎಂಬುದನ್ನು ಊರೇ ಕುಳಿತು ನಿರ್ಣಯಿಸಬಹುದು.

ಮಾರಾಟವಿಲ್ಲದೆ ಮಲೆನಾಡಿನ ಸಣ್ಣ ಹಿಡುವಳಿ ಬದುಕದು. ಆದಾಯವಿಲ್ಲದ ಮನೆಯ ಮಕ್ಕಳು ಊರು ಬಿಡುತ್ತಾರೆ. ಜನ ಬಿಟ್ಟ ಊರಿನಲ್ಲಿ ಸೊಪ್ಪಿನ ಬೆಟ್ಟವನ್ನು ಕಾಯುವವರೂ ಇರುವುದಿಲ್ಲ. ಆದುದರಿಂದ ಜಾಲತಾಣವನ್ನು ದೂರವಿಡುವುದು ಪರಿಹಾರವಲ್ಲ. ಕೊಂಬೆ ಮುರಿಯದೆ ಕೊಯ್ದ ಮಿಡಿ, ಕುಟುಂಬ ಕೆಡದಂತೆ ತೆಗೆದ ಜೇನು, ಮನೆಯವರೇ ತಿನ್ನುವ ಹಪ್ಪಳ – ಇಂತಹ ಪದಾರ್ಥಕ್ಕೆ ಉತ್ತಮ ಬೆಲೆ ಕೊಡಲು ಸಿದ್ಧರಿರುವ ಗ್ರಾಹಕರು ನಗರಗಳಲ್ಲಿದ್ದಾರೆ. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿಯೂ ಇದ್ದಾರೆ. ಅವರನ್ನು ತಲುಪುವ ಸಾಧನ ಈಗ ಕೈಯಲ್ಲಿದೆ.

ಪ್ರತಿ ಊರಿನಲ್ಲಿಯೂ ಸ್ವಸಹಾಯ ಸಂಘ, ಗ್ರಾಮ ಅರಣ್ಯ ಸಮಿತಿ, ಸಹಕಾರಿ ಸಂಘಗಳ ಸದಸ್ಯರು ಮುಂದಿನ ಮಳೆಗಾಲ ಆರಂಭವಾಗುವ ಮೊದಲು ಒಮ್ಮೆ ಸಭೆ ಸೇರಲಿ. ಯಾವ ಪದಾರ್ಥವನ್ನು ಎಷ್ಟು ಪ್ರಮಾಣದಲ್ಲಿ ಮಾರುವುದು, ಯಾವ ಮಾತನ್ನು ಪೊಟ್ಟಣದ ಮೇಲೆ ಬರೆಯುವುದು, ಯಾವ ಸ್ಥಳದ ಹೆಸರನ್ನು ಹೇಳದಿರುವುದು, ಅಪಾಯದ ಸುದ್ದಿಯನ್ನು ಯಾರು ಪರಿಶೀಲಿಸುವುದು ಎಂಬ ನಾಲ್ಕು ವಿಷಯಗಳನ್ನು ಚರ್ಚಿಸಿ ಠರಾವು ಬರೆದಿಡಲಿ. ಆ ಠರಾವು ಪುಸ್ತಕದಲ್ಲಿರುವಂತೆಯೇ ಊರಿನ ವಾಟ್ಸ್‌ಆ್ಯಪ್ ಗುಂಪಿನ ವಿವರಣೆಯಲ್ಲಿಯೂ ಇರಲಿ. ಹೊಸದಾಗಿ ಸೇರುವವರು ಅದನ್ನು ಮೊದಲು ಓದಲಿ.